ಸ್ವಂತ ಆದಾಯ ಇರುವುದಿಲ್ಲ

ಮೇ ೨೬

ಅಪ್ಪಾ,

ಮೊದಲು ಸುದ್ದಿ, ಆಮೇಲೆ ಕುಶಲ. ನನ್ನನ್ನು ಕಾಯಂ ಮಾಡಿದರು! ಸೋಮವಾರ ಮೇಲ್ವಿಚಾರಕರು ಕರೆದು, "ಇನ್ಮೇಲೆ ನೀವು ನಮ್ಮವರು ಕಣಮ್ಮ" ಅಂತ ಕಾಗದ ಕೈಗಿಟ್ಟರು. ಎರಡು ವರ್ಷ ಎಂಟು ತಿಂಗಳು ಅದೇ ಮೇಜಿನ ಮುಂದೆ ನಿಂತು ಷೂಗಳ ಹೊಲಿಗೆ ಪರೀಕ್ಷೆ ಮಾಡಿದವಳು ಅಲ್ಲಿಯವರೆಗೆ ಯಾರವಳಾಗಿದ್ದೆನೋ, ನಾನು ಕೇಳಲಿಲ್ಲ. "ಅಕ್ಷರ ಬಿಟ್ಟು ಚಪ್ಪಲಿ ಹಿಡಿದಳು" ಎಂದು ಪ್ರೆಸ್ಸಿನಲ್ಲೆಲ್ಲ ಹೇಳಿಕೊಂಡು ಬಂದಿರಲ್ಲ, ಈಗ ಇದನ್ನೂ ಹೇಳಿ. ನಾನು ಮಾಡುವುದೂ ನಿಮ್ಮ ಕೆಲಸವೇ. ನೀವು ಪ್ರೂಫಿನಲ್ಲಿ ತಪ್ಪು ಹುಡುಕುತ್ತೀರಿ, ನಾನು ಷೂವಿನಲ್ಲಿ.

ಇದರ ಜೊತೆ ಒಂದು ಅರ್ಜಿ, ಒಂದು ಪುಸ್ತಿಕೆ ಇಟ್ಟಿದ್ದೇನೆ. ಕಾಯಂ ಆದವರಿಗೆ ಕಂಪನಿಯೇ ಆರೋಗ್ಯ ವಿಮೆ ಮಾಡಿಸುತ್ತದೆ. ಮದುವೆಯಾಗದವರು ಅಪ್ಪ ಅಮ್ಮನನ್ನು ಸೇರಿಸಬಹುದು. ನಾಳೆ ನಿಮ್ಮ ಕಣ್ಣಿಗೆ ಪೊರೆ ಬಂದರೂ, ಅಮ್ಮನ ಮಂಡಿ ಕೈಕೊಟ್ಟರೂ ನಾವು ಯಾರ ಮನೆ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವ ಮನೆತನ ನಮ್ಮದು. ಒಂದು ಸಲವಾದರೂ ಮೊದಲೇ ತೋಡಿಡೋಣ.

ಗುರುತು ಹಾಕಿದ ಕಡೆ ಇಬ್ಬರೂ ಸಹಿ ಮಾಡಿ ಕಳಿಸಿ. ಒಬ್ಬರಿಗೆ ಒಂದೇ ಅರ್ಜಿ, ಮೇಲೆ ಸಂಖ್ಯೆ ಇದೆ, ಹಾಳು ಮಾಡಬೇಡಿ. ಆಗಸ್ಟ್ ಮೂವತ್ತೊಂದು ಕಡೆಯ ದಿನ. ಅದು ದಾಟಿದರೆ ಸೇರಿಸಲು ಅವಕಾಶವೇ ಇಲ್ಲವಂತೆ. ಪುಸ್ತಿಕೆಯನ್ನು ನಾನು ಬಿಡಿಸಿಯೂ ನೋಡಿಲ್ಲ. ಸಣ್ಣ ಅಕ್ಷರ ಓದುವುದು ನಿಮ್ಮ ಇಲಾಖೆ.

ಮೊದಲ ಮೂರು ತಿಂಗಳು ರಜೆ ಕೇಳುವಂತಿಲ್ಲ, ಅದಕ್ಕೇ ಅಂಚೆಯಲ್ಲಿ ಕಳಿಸಿದೆ. ಫೋನಿನಲ್ಲಿ ನಿಮಗೆ ಕೇಳಿಸುವ ಹಾಗೆ ಕೂಗಿದರೆ ಹಾಸ್ಟೆಲ್ಲಿನವರು ನನ್ನನ್ನು ಹೊರಗೆ ಹಾಕುತ್ತಾರೆ.

ನಿಮ್ಮ ಮಗಳು


ಜೂನ್ ೪

ನನ್ನ ಅಲ್ಪವಿರಾಮಕ್ಕೆ,

(ನಡುನಡುವೆ ಉಸಿರು ತೆಗೆದುಕೊಳ್ಳುವುದೇ ಹೊರತು ಮಾತು ಮುಗಿಸದ ಮಗುವಿಗೆ ನಾನಿಟ್ಟ ಹೆಸರು ಇವತ್ತಿಗೂ ಸರಿಯಾಗಿಯೇ ಇದೆ.)

ಕಾಯಂ ಆದದ್ದು ಬಹಳ ಸಂತೋಷ. ಪ್ರೆಸ್ಸಿನಲ್ಲಿ ಹೇಳಿದೆ. ಮೂವತ್ತೆಂಟು ವರ್ಷ ಅಚ್ಚಿನ ಯಂತ್ರದ ಪಕ್ಕ ಕೂತು ಕಿವಿ ಕಳಕೊಂಡವನು ಎಷ್ಟು ಜೋರಾಗಿ ಹೇಳಿಯಾನು, ನೀನೇ ಊಹಿಸು. ಬೀದಿಗೆಲ್ಲ ಗೊತ್ತಾಗಿದೆ.

ಪುಸ್ತಿಕೆ ಓದಿದೆ. ಇಪ್ಪತ್ತನಾಲ್ಕು ಪುಟ, ನಲವತ್ತೊಂದು ತಪ್ಪು. ರಾಮ ರಾಮಾ, ಇದನ್ನು ಯಾವ ಪುಣ್ಯಾತ್ಮ ಅಚ್ಚಿಗೆ ಬಿಟ್ಟನೋ! ಎಲ್ಲವನ್ನೂ ತಿದ್ದಿ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ, ಒಂದು ಕಾಗದ ಬರೆದು ನಿಮ್ಮ ಕಂಪನಿಗೆ ಕಳಿಸುತ್ತೇನೆ. ಚಪ್ಪಲಿ ಚೆನ್ನಾಗಿ ಹೊಲಿಯುವವರು ವಾಕ್ಯವನ್ನೂ ಚೆನ್ನಾಗಿ ಹೊಲಿಯಬೇಕು.

ಅರ್ಜಿಯ ವಿಷಯ. ಅದರಲ್ಲಿ ನಾನು ಸಹಿ ಹಾಕಬೇಕಾದ ವಾಕ್ಯ ಹೀಗಿದೆ: "ನಾನು ನನ್ನ ಮಗ/ಮಗಳನ್ನೇ ಸಂಪೂರ್ಣವಾಗಿ ಅವಲಂಬಿಸಿದ್ದು, ನನಗೆ ಸ್ವಂತ ಆದಾಯ ಇರುವುದಿಲ್ಲ." ಏನಮ್ಮಾ ಇದು? 'ಇಲ್ಲ' ಅಂದರೆ ಈಗಿಲ್ಲ. 'ಇರುವುದಿಲ್ಲ' ಅಂದರೆ ಮುಂದೆಯೂ ಇಲ್ಲ. ಇದು ಘೋಷಣೆಯೋ ಶಾಪವೋ? ದಿನಾ ಬೆಳಗ್ಗೆ ಎಂಟಕ್ಕೆ ಪ್ರೆಸ್ಸಿಗೆ ಹೋಗಿ ಮೂವತ್ತು ಪುಟ ನೋಡಿ ಬರುತ್ತೇನೆ. ಪುಟಕ್ಕಿಷ್ಟು ಅಂತ ಕೊಡುತ್ತಾರೆ. ಕಮ್ಮಿಯೇ ಇರಲಿ, ನನ್ನದು. ಇಲ್ಲವೆಂದು ಹೇಗೆ ಬರೆದುಕೊಡಲಿ?

ಆದ್ದರಿಂದ ಕೆಂಪು ಶಾಯಿಯಲ್ಲಿ ಚಿಕ್ಕದೊಂದು ತಿದ್ದುಪಡಿ ಮಾಡಿದ್ದೇನೆ. 'ಅವಲಂಬಿಸಿದ್ದು' ಹೊಡೆದು 'ನಂಬಿದ್ದು' ಎಂದು ಹಾಕಿದ್ದೇನೆ. 'ಇರುವುದಿಲ್ಲ' ಹೊಡೆದು 'ಸ್ವಲ್ಪ ಇದೆ' ಎಂದು ಬರೆದಿದ್ದೇನೆ. ಈಗ ಅದು ಸತ್ಯವಾಗಿದೆ, ಸಹಿ ಹಾಕಿದ್ದೇನೆ. ನಿಮ್ಮ ಗುಮಾಸ್ತರಿಗೆ ತೋರಿಸು. ಅರ್ಥವಾಗದಿದ್ದರೆ ನನ್ನ ವಿಳಾಸ ಕೊಡು.

ಇಂತಿ ನಿನ್ನ ಅಪ್ಪ

(ಕೆಳಗೆ ಅಮ್ಮ: ನಾನು ಅವತ್ತೇ ಸಹಿ ಹಾಕಿದೆ. ಏನೂ ತಿದ್ದಿಲ್ಲ. ನಿನಗೆ ಬೇರೆ ಕಾಗದ ಬರೆಯುತ್ತೇನೆ.)


ಜೂನ್ ೭

ಕಂದಾ,

ಇದನ್ನು ಹೊಲಿಗೆ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನೂ ಉತ್ತರವನ್ನು ಅಂಗಡಿಯ ವಿಳಾಸಕ್ಕೇ ಬರಿ, ಮನೆಗೆ ಬೇಡ.

ನನ್ನ ಎಡಗಡೆ ಎದೆಯಲ್ಲಿ ಒಂದು ಗಂಟಾಗಿದೆ. ಮಾರ್ಚ್ ಕೊನೆಯಲ್ಲಿ ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ನೋವಿಲ್ಲ. ಅಂಗಿಯ ಗುಂಡಿಯಷ್ಟಿದೆ. ತಾನಾಗಿ ಕರಗುತ್ತೆ ಅಂತ ಸುಮ್ಮನಿದ್ದೆ, ಕರಗಲಿಲ್ಲ. ಹೆದರಬೇಡ. ಹೆದರುವುದಕ್ಕೆ ನಾನೊಬ್ಬಳು ಸಾಕು.

ಡಾಕ್ಟರ ಹತ್ತಿರ ಯಾಕೆ ಹೋಗಿಲ್ಲ ಅಂತ ನೀನು ಬಯ್ಯುವುದು ನನಗೆ ಇಲ್ಲಿಗೇ ಕೇಳುತ್ತಿದೆ. ಹೋಗೋಣ ಅಂತಲೇ ಇದ್ದೆ. ಅಷ್ಟರಲ್ಲಿ ನಿನ್ನ ಅರ್ಜಿ ಬಂತು. ನಮ್ಮಲ್ಲಿ ಕಾಜ ಹಾಕುವಾಕೆ ಇದ್ದಾಳಲ್ಲ, ಅವಳ ಗಂಡ ಹೋದ ವರ್ಷ ವಿಮೆ ಮಾಡಿಸಿದ. ಮೊದಲೇ ಎಲ್ಲೋ ತೋರಿಸಿಕೊಂಡಿದ್ದ ಚೀಟಿ ಸಿಕ್ಕಿತು ಅಂತ ಒಂದು ಕಾಸೂ ಕೊಡಲಿಲ್ಲವಂತೆ. "ಅಕ್ಕಾ, ಡಾಕ್ಟರು ಪೆನ್ನು ಹಿಡಿಯೋ ಮೊದಲು ನಿಮ್ಮ ಹೆಸರು ವಿಮೇಲಿರಬೇಕು. ಒಂದ್ಸಲ ಬರೆದ್ರೋ, ಮುಗೀತು" ಅಂದಳು. ಅವಳಿಗೆ ನನ್ನ ವಿಷಯ ಗೊತ್ತಿಲ್ಲ, ಸುಮ್ಮನೆ ಮಾತಿಗೆ ಕೇಳಿದ್ದೆ. ಅದಕ್ಕೇ ಕಾಯುತ್ತಿದ್ದೇನೆ. ಅರ್ಜಿ ಹೋಗಲಿ, ಹೆಸರು ಸೇರಲಿ, ಮಾರನೇ ದಿನವೇ ಹೋಗಿ ತೋರಿಸುತ್ತೇನೆ.

ನಿಮ್ಮಪ್ಪನಿಗೆ ಹೇಳಿಲ್ಲ. ಹೇಗೆ ಹೇಳಲಿ? ಅವರಿಗೆ ಕೇಳಿಸಬೇಕಾದರೆ ಕೂಗಬೇಕು. ನಮ್ಮ ಮನೆ ಗೋಡೆ ಎಂಥದ್ದು ಅಂತ ನಿನಗೆ ಗೊತ್ತಲ್ಲ, ಪಕ್ಕದ ಮನೆಯವರು ಸೀನಿದರೆ ನಾವು ನೂರು ವರ್ಷ ಬಾಳು ಅನ್ನುತ್ತೇವೆ. ಎದೆಯಲ್ಲಿ ಗಂಟಿದೆ ಅಂತ ಯಾವ ಹೆಂಗಸು ಕೂಗಿ ಹೇಳುತ್ತಾಳೆ? ಬರೆದುಕೊಡೋಣ ಅಂದರೆ ಮೊದಲು ಕಾಗುಣಿತ ನೋಡುತ್ತಾರೆ. ಅಲ್ಲದೆ ಗೊತ್ತಾದರೆ ಅವರು ಒಂದು ನಿಮಿಷ ಕಾಯುವುದಿಲ್ಲ, ಇದ್ದಬದ್ದದ್ದು ಮಾರಿ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾರೆ. ಆಮೇಲೆ ಇಬ್ಬರೂ ಏನು ಮಾಡುವುದು?

ಹೇಗಾದರೂ ಅವರ ಸಹಿ ಮಾಡಿಸು. ಕಾರಣ ಹೇಳಬೇಡ. ಆಣೆ.

ಅಮ್ಮ


ಜೂನ್ ೧೩

ಅಮ್ಮಾ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಆಮೇಲೆ ನನ್ನ ಮುಂದೆ ಹಾದುಹೋದ ಷೂಗಳನ್ನು ನಾನು ನೋಡಿದೆನೋ ಇಲ್ಲವೋ ದೇವರಿಗೇ ಗೊತ್ತು.

ನೀನು ನಾಳೆಯೇ ಡಾಕ್ಟರ ಹತ್ತಿರ ಹೋಗು ಅಂತ ಮೊದಲ ಸಾಲು ಬರೆದು ಹೊಡೆದು ಹಾಕಿದೆ. ಆಮೇಲೆ ಮತ್ತೆ ಬರೆದೆ. ಮತ್ತೆ ಹೊಡೆದೆ. ನಿನ್ನ ಮಾತಿನಲ್ಲಿ ನಿಜ ಇದೆಯೋ ಏನೋ. ಇಲ್ಲಿ ಆಫೀಸಿನ ಗುಮಾಸ್ತರನ್ನು ಕೇಳೋಣ ಅಂತ ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಂದೆ. ಕೇಳಿದರೆ "ಯಾಕಮ್ಮಾ, ಮನೇಲಿ ಯಾರಿಗೇನಾಗಿದೆ?" ಅನ್ನುತ್ತಾರೆ. ನನ್ನ ಮುಖ ನೋಡಿದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಹಾಗಾಗಿ ಕೇಳಲಿಲ್ಲ.

ಅಪ್ಪನ ಕೆಂಪು ಅರ್ಜಿ ನೋಡಿ ಗುಮಾಸ್ತರು ಮೊದಲು ನಕ್ಕರು, ಆಮೇಲೆ ಹರಿದು ಬುಟ್ಟಿಗೆ ಹಾಕಿದರು. ನಿನ್ನನ್ನೊಬ್ಬಳನ್ನೇ ಸೇರಿಸಬಹುದಾ ಅಂತ ಕೇಳಿದೆ. "ಅಪ್ಪ ಸಂಪಾದಿಸ್ತಿದ್ರೆ ಅಮ್ಮ ಅವರ ಅವಲಂಬಿತರು ಕಣಮ್ಮ, ನಿಮ್ಮವರಲ್ಲ" ಅಂದರು. ಅಪ್ಪನ ಸಹಿ ನಾನೇ ಹಾಕಬಲ್ಲೆ, ಶಾಲೆಯ ಅಂಕಪಟ್ಟಿಗೆ ಹಾಕಿ ಅನುಭವ ಇದೆ. ಆದರೆ ಹೋದ ವರ್ಷ ನಮ್ಮ ಸಾಲಿನಲ್ಲೇ ಒಬ್ಬಾಕೆ ಹಾಗೆ ಮಾಡಿ ಸಿಕ್ಕಿಬಿದ್ದಳು. ಕೆಲಸವೂ ಹೋಯಿತು, ವಿಮೆಯೂ ಹೋಯಿತು.

ತಪ್ಪೊಪ್ಪಿಗೆ ಬರೆದುಕೊಟ್ಟು ಇನ್ನೊಂದು ಅರ್ಜಿ ಈಸಿಕೊಂಡಿದ್ದೇನೆ. ಇದೇ ಕೊನೆಯದಂತೆ. ಅಪ್ಪನಿಗೆ ಕಳಿಸುತ್ತೇನೆ. ಹದಿನೈದು ದಿನ ನೋಡುತ್ತೇನಮ್ಮ. ಅಷ್ಟರಲ್ಲಿ ಆಗದಿದ್ದರೆ ನೀನು ಹೋಗಲೇಬೇಕು. ರಾತ್ರಿ ಹಗಲು ನನಗೆ ಅದೇ ಯೋಚನೆ.

ನಿನ್ನ ಕಂದ


ಜೂನ್ ೧೪

ಅಪ್ಪಾ,

ನಿಮ್ಮ ತಿದ್ದುಪಡಿಯನ್ನು ಗುಮಾಸ್ತರು ಬುಟ್ಟಿಗೆ ಹಾಕಿದರು. ನಾನು ಅವರ ಮುಂದೆ ಕೈಕಟ್ಟಿ ನಿಂತು ಕ್ಷಮೆ ಬರೆದುಕೊಟ್ಟು ಹೊಸ ಅರ್ಜಿ ತಂದಿದ್ದೇನೆ. ಇನ್ನೊಂದು ಸಿಗುವುದಿಲ್ಲ.

ಅಪ್ಪಾ, ಇದು ಪುಸ್ತಕವಲ್ಲ. ಯಾರೂ ಓದುವುದಿಲ್ಲ. ಓದಿ ಯಾರೂ ನಿಮ್ಮನ್ನು ಹಂಗಿಸುವುದಿಲ್ಲ. 'ಅವಲಂಬಿತ' ಎನ್ನುವುದು ಒಂದು ಖಾನೆ, ಅಷ್ಟೆ. ಅದರಲ್ಲಿ ನಿಮ್ಮ ಹೆಸರು ಇರಬೇಕು. ನಿಮ್ಮ ಆ ಸ್ವಲ್ಪ ಆದಾಯದಿಂದ ಬೇರೆ ವಿಮೆ ಕೊಳ್ಳೋಣ ಅಂದರೆ ನಿಮ್ಮ ವಯಸ್ಸಿಗೆ ಅವರು ಕೇಳುವುದನ್ನು ಕೊಡುವ ಶಕ್ತಿ ನಮ್ಮಿಬ್ಬರಿಗೂ ಇಲ್ಲ. ಏನೂ ಇಲ್ಲದವರಿಗೆ ಇನ್ನಾರೋ ಕೊಡುತ್ತಾರೆ, ಇರುವವರು ತಾವೇ ಕೊಳ್ಳುತ್ತಾರೆ. ನಮ್ಮಂಥ ಸ್ವಲ್ಪ ಇರುವವರೇ ನಡುವೆ ಬಿದ್ದುಹೋಗುವುದು.

ಕೆಂಪು ಪೆನ್ನನ್ನು ಪ್ರೆಸ್ಸಿನಲ್ಲೇ ಬಿಟ್ಟು ಬನ್ನಿ. ನೀಲಿ ಪೆನ್ನಿನಲ್ಲಿ ಸಹಿ ಮಾಡಿ ಈ ವಾರವೇ ಕಳಿಸಿ. ದಮ್ಮಯ್ಯ.

ನಿಮ್ಮ ಮಗಳು


ಜುಲೈ ೫

ಮಗಳೇ,

ತಡವಾಗಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆದ ಕಾಗದವನ್ನು ಮೂರು ದಿನ ಇಟ್ಟು ಮತ್ತೆ ಓದಬೇಕೆಂದು ನಾನೇ ನಿನಗೆ ಕಲಿಸಿದ್ದು. ಹಾಗೆ ಮೂರು ಕಾಗದ ಹರಿದಿದ್ದೇನೆ. ಇದು ನಾಲ್ಕನೆಯದು.

ಯಾರೂ ಓದುವುದಿಲ್ಲ ಎಂದೆಯಲ್ಲ, ನನಗೆ ನೋವಾದದ್ದು ಅಲ್ಲಿ. ಯಾರೂ ಓದದ ಪುಟಗಳನ್ನು ಓದಿಯೇ ನಾನು ನಿನ್ನನ್ನು ಸಾಕಿದೆ. ಯಾರೂ ಓದುವುದಿಲ್ಲ ಎಂದು ಒಂದು ಸುಳ್ಳನ್ನು ಬಿಡಬಹುದಾದರೆ ನನ್ನ ಕಸುಬಿಗೆ ಅರ್ಥವೇ ಇಲ್ಲ. ನೀನು ಮೊನ್ನೆ ಕಾಯಂ ಆದವಳು. ಅಪ್ಪನಿಗೆ ಆದಾಯವಿಲ್ಲ ಅಂತ ಬರೆದುಕೊಟ್ಟು, ನಾಳೆ ಯಾರಾದರೂ ಪ್ರೆಸ್ಸಿಗೆ ಬಂದು ವಿಚಾರಿಸಿದರೆ? ವಂಚಕನ ಮಗಳು ಎನ್ನಿಸಿಕೊಳ್ಳಬೇಕೆ?

ಇನ್ನೊಂದು ಮಾತು, ಇದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ. ಕಿವಿ ಹೋದ ಮೇಲೆ ಜನ ನನ್ನ ಜೊತೆ ಮಾತಾಡುವುದನ್ನೇ ಬಿಟ್ಟಿದ್ದಾರೆ. ಎಲ್ಲದಕ್ಕೂ ತಲೆಯಾಡಿಸಿ ನಗುತ್ತೇನೆ. ಪ್ರೆಸ್ಸಿನ ಆ ಮೂವತ್ತು ಪುಟ ಒಂದೇ ನನಗೆ ಪೂರ್ತಿ ಅರ್ಥವಾಗುವುದು. ಅದು ಇಲ್ಲವೆಂದು ನನ್ನ ಕೈಯಿಂದಲೇ ಬರೆಸಬೇಡ.

ನನ್ನ ಮೈ ಗಟ್ಟಿ ಇದೆ. ಯಾವ ವಿಮೆಯೂ ಬೇಡ. ನಿನ್ನಮ್ಮ ಸ್ವಲ್ಪ ಸೊರಗಿದ್ದಾಳೆ. ಶಾಲೆಗಳು ತೆರೆದಿವೆ, ಸಮವಸ್ತ್ರದ ಹೊಲಿಗೆ ಜಾಸ್ತಿ. ಎಡಗೈ ಎತ್ತುವಾಗ ಮುಖ ಕಿವುಚುತ್ತಾಳೆ. ಯಂತ್ರಕ್ಕೆ ಎಣ್ಣೆ ಹಾಕಿಸು ಎಂದು ಹೇಳಿದ್ದೇನೆ.

ಅರ್ಜಿ ನನ್ನ ಬಳಿ ಇದೆ. ಸಹಿ ಹಾಕಿಲ್ಲ.

ಇಂತಿ ನಿನ್ನ ಅಪ್ಪ


ಜುಲೈ ೨೧

ಕಂದಾ,

ನಿನ್ನ ನಾಲ್ಕು ಕಾಗದವೂ ಬಂತು. ನೀನು ಕೊಟ್ಟ ಹದಿನೈದು ದಿನ ಯಾವಾಗಲೋ ಮುಗಿಯಿತು, ನನಗೂ ಗೊತ್ತು. ಇಷ್ಟು ಕಾದಿದ್ದೇನೆ, ಈಗ ಹೋಗಿ ಕೆಡಿಸಿಕೊಂಡರೆ ಕಾದದ್ದೆಲ್ಲ ನೀರಲ್ಲಿ ಹೋಮ.

ಅಂಗಿಯ ಗುಂಡಿಯಷ್ಟಿದ್ದದ್ದು ಈಗ ಕೋಟಿನ ಗುಂಡಿಯಷ್ಟಾಗಿದೆ. ದೊಡ್ಡ ಕತ್ತರಿ ಹಿಡಿದು ಬಟ್ಟೆ ಕತ್ತರಿಸಿದರೆ ಕೈ ಸಂಜೆವರೆಗೆ ಸೆಳೆಯುತ್ತದೆ. ಕತ್ತರಿಸುವ ಕೆಲಸವನ್ನು ಕಾಜದವಳಿಗೆ ಕೊಟ್ಟು ನಾನು ಕಾಜ ಹಾಕುತ್ತಿದ್ದೇನೆ. ಅವಳು ವಿಚಿತ್ರವಾಗಿ ನೋಡುತ್ತಾಳೆ.

ನಿಮ್ಮಪ್ಪ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು. ನಾನು ದಿನಾ ಅರ್ಜಿ ತೆಗೆದು ಊಟದ ಮೇಜಿನ ಮೇಲಿಡುತ್ತೇನೆ. ಅವರು ದಿನಾ ತೆಗೆದು ಪುಸ್ತಕದ ಕಪಾಟಿನಲ್ಲಿಡುತ್ತಾರೆ. ಒಂದು ತಿಂಗಳಿಂದ ಇದೇ ನಡೆದಿದೆ.

ಭಯ ಆಗುತ್ತಿದೆ ಕಂದಾ. ಆದರೂ ಹೇಳಬೇಡ.

ಅಮ್ಮ


ಆಗಸ್ಟ್ ೧೧

ಅಪ್ಪಾ,

ಅಮ್ಮನಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಅವಳ ಎಡ ಎದೆಯಲ್ಲಿ ಗಂಟಾಗಿದೆ. ಮಾರ್ಚಿನಿಂದ ಇದೆ. ಬೆಳೆಯುತ್ತಿದೆ. ನೀವು ಎಣ್ಣೆ ಹಾಕಿಸು ಎಂದ ಕೈಯಲ್ಲಿ ನೋವಿರುವುದು ಅದಕ್ಕೆ.

ವಿಮೆ ಆಗುವ ಮೊದಲು ಡಾಕ್ಟರು ನೋಡಿದರೆ ಯಾರೂ ಖರ್ಚು ಕೊಡುವುದಿಲ್ಲ ಎಂದು ಕಾಯುತ್ತಿದ್ದಾಳೆ. ನಿಮ್ಮ ಸಹಿಗಾಗಿ ಕಾಯುತ್ತಿದ್ದಾಳೆ. ನಾನೂ ಕಾಯಲು ಒಪ್ಪಿದೆ. ಅದಕ್ಕಾಗಿ ನನ್ನನ್ನು ಏನು ಬೇಕಾದರೂ ಅನ್ನಿ, ನಾನು ಎದುರು ಮಾತಾಡುವುದಿಲ್ಲ. ಆದರೆ ನೀವು ಒಂದು ಶಬ್ದವನ್ನು ಹಿಡಿದುಕೊಂಡು ಕೂತಿದ್ದೀರಿ, ಅಪ್ಪಾ. ಎರಡು ತಿಂಗಳು! ಒಂದು ಶಬ್ದ!

ಈ ಕಾಗದದಲ್ಲಿ ತಪ್ಪುಗಳಿದ್ದರೆ ಇರಲಿ.

ನಿಮ್ಮ ಮಗಳು


ಆಗಸ್ಟ್ ೧೯

ಮಗಳೇ,

ಅರ್ಜಿ ಇದರೊಳಗಿದೆ. ನೀಲಿ ಶಾಯಿಯಲ್ಲಿ ಸಹಿ ಮಾಡಿದ್ದೇನೆ, ಒಂದಕ್ಷರವೂ ಮುಟ್ಟಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನ ಕಾಗದ ಬಂದಾಗ ಬೆಳಗ್ಗೆ ಹತ್ತೂವರೆ. ಪ್ರೆಸ್ಸಿಗೆ ಅಂದು ರಜೆ. ಓದಿ, ಚಪ್ಪಲಿ ಮೆಟ್ಟಿದೆನೋ ಇಲ್ಲವೋ ತಿಳಿಯದು, ಹೊಲಿಗೆ ಅಂಗಡಿಗೆ ಓಡಿದೆ. ಅವಳು ಕಿಟಕಿಯ ಪಕ್ಕ ಕೂತು ಕಾಜ ಹಾಕುತ್ತಿದ್ದಳು. ನನ್ನ ಧ್ವನಿ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಿಲ್ಲವಲ್ಲ. "ಎದೇಲಿ ಗಂಟಾಗಿದೆಯಂತೆ? ನನಗ್ಯಾಕೆ ಹೇಳಲಿಲ್ಲ?" ಎಂದುಬಿಟ್ಟೆ. ಅಷ್ಟೂ ಯಂತ್ರಗಳು ನಿಂತವು. ಅವು ನಿಂತದ್ದು ನನಗೆ ಕೇಳಿಸಲಿಲ್ಲ, ಕೈಗಳು ನಿಂತದ್ದು ಕಾಣಿಸಿತು. ನಿನ್ನಮ್ಮ ತಲೆ ಎತ್ತಲಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಮೇಜಿನ ಮೇಲಿದ್ದ ನೀಲಿ ಬಟ್ಟೆಯ ಮೇಲೆ ಬರೆದಳು: "ಮನೆಗೆ ನಡೀರಿ." ಅವಳು ನಾಚಿಕೆಯಿಂದ ಸತ್ತುಹೋಗಿದ್ದಳು. ಅವಳು ಯಾಕೆ ಹೇಳಲಿಲ್ಲವೆಂದು ನನಗೆ ಆಗ ತಿಳಿಯಿತು.

ಮನೆಗೆ ಹೋಗಲಿಲ್ಲ. ನೇರ ಆಸ್ಪತ್ರೆಗೆ ಹೋದೆವು. ವಿಮೆ ಎಂದು ದಾರಿಯುದ್ದಕ್ಕೂ ಅವಳು ನನ್ನ ತೋಳು ಜಗ್ಗುತ್ತಿದ್ದಳು. ಸುಟ್ಟುಹೋಗಲಿ ವಿಮೆ ಎಂದೆ. ಡಾಕ್ಟರಮ್ಮ ಏನೋ ಕೇಳಿದರು, ಇವಳು ಏನೋ ಹೇಳಿದಳು. ಡಾಕ್ಟರಮ್ಮ ಬರೆದದ್ದನ್ನು ಮೇಜಿನ ಈಚೆಯಿಂದ ನಾನು ಓದಿದೆ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದಲೂ ತಲೆಕೆಳಗಾದ ಅಕ್ಷರ ಓದಿ ರೂಢಿ. "ಐದು ತಿಂಗಳಿಂದ" ಎಂದಿತ್ತು. ಐದು ತಿಂಗಳು ನಾನು ಅದೇ ಮನೆಯಲ್ಲಿ ಉಂಡು ಮಲಗಿದ್ದೇನೆ.

ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಡಾಕ್ಟರಮ್ಮ ನನ್ನ ಮುಖ ನೋಡಿ ಹೇಳಿದ್ದು ನನಗೆ ಓದದೆಯೂ ತಿಳಿಯಿತು. ಆಪರೇಷನ್ ಆಗಲೇಬೇಕು.

ಮಾರನೇ ದಿನ ಪ್ರೆಸ್ಸಿಗೆ ಹೋಗಿ, ಇನ್ನು ಬರುವುದಿಲ್ಲ, ಬರೆದುಕೊಡಿ ಎಂದೆ. ಮಾಲೀಕರು ಚೀಟಿಯಲ್ಲಿ "ಕಣ್ಣಿಗೇನಾಯ್ತು?" ಎಂದು ಬರೆದು ಕೇಳಿದರು. ಕಣ್ಣು ಚೆನ್ನಾಗಿದೆ ಎಂದೆ. ಅವರ ಪತ್ರವನ್ನೂ ಇದರ ಜೊತೆ ಇಟ್ಟಿದ್ದೇನೆ. ಈಗ ಆ ವಾಕ್ಯ ಸತ್ಯ. ಸುಳ್ಳಿಗೆ ಸಹಿ ಹಾಕಲಿಲ್ಲ, ನಿನಗೆ ತೊಂದರೆ ಬರುವುದಿಲ್ಲ.

ಇನ್ನು, ಹೇಳಲೇಬೇಕಾದದ್ದು. ಮನೆಗೆ ಬಂದು ಆ ಪುಸ್ತಿಕೆ ತೆಗೆದೆ. ಹನ್ನೊಂದನೇ ಪುಟದಲ್ಲಿ ಹೀಗಿದೆ: "ಸೇರ್ಪಡೆಗೆ ಮೊದಲೇ ಇದ್ದ ಕಾಯಿಲೆಗಳಿಗೂ ಮೊದಲ ದಿನದಿಂದಲೇ ವಿಮೆ ಅನ್ವಯಿಸುತ್ತದೆ." ಕಾರ್ಖಾನೆಯವರು ಎಲ್ಲರನ್ನೂ ಒಟ್ಟಿಗೆ ಸೇರಿಸುವ ವಿಮೆಗೆ ನಿನ್ನಮ್ಮ ಹೇಳಿದ ಆ ಕಾಜದವಳ ಗಂಡನ ನಿಯಮವಿಲ್ಲ. ಡಾಕ್ಟರು ಮಾರ್ಚಿನಲ್ಲೇ ಬರೆದಿದ್ದರೂ ಏನೂ ಆಗುತ್ತಿರಲಿಲ್ಲ. ನಿನ್ನಮ್ಮ ಕಾದದ್ದು ಸುಮ್ಮನೆ.

ಆ ಸಾಲಿನಲ್ಲಿ ನನ್ನ ಕೆಂಪು ಗುರುತಿದೆ, ಮಗಳೇ. 'ದಿನದಿಂದಲೆ' ಎಂದು ಮೋಟಾಗಿ ಅಚ್ಚಾಗಿತ್ತು. ಅದಕ್ಕೆ ದೀರ್ಘ ಎಳೆದು 'ದಿನದಿಂದಲೇ' ಮಾಡಿದವನು ನಾನು, ಜೂನ್ ಎರಡನೇ ತಾರೀಕು. ಅಕ್ಷರ ನೋಡಿದೆ. ಅರ್ಥ ನೋಡಲಿಲ್ಲ. ಪ್ರೂಫ್ ನೋಡುವವನು ಅರ್ಥದೊಳಗೆ ಹೋದರೆ ತಪ್ಪು ಕಣ್ತಪ್ಪುತ್ತದೆ ಎಂದು ಎಷ್ಟು ಜನರಿಗೆ ಪಾಠ ಹೇಳಿದ್ದೇನೋ!

ಅರ್ಜಿಯಲ್ಲಿ ನಿನ್ನಮ್ಮನ ಹೆಸರಿನ ಕೆಳಗೂ ಅದೇ ವಾಕ್ಯವಿತ್ತು, ಸ್ವಂತ ಆದಾಯ ಇರುವುದಿಲ್ಲವೆಂದು. ಈ ಮನೆಯಲ್ಲಿ ನನಗಿಂತ ಹೆಚ್ಚು ದುಡಿದವಳು ಅವಳು. ಅದು ಸುಳ್ಳೆಂದು ನನಗೆ ಎರಡೂ ಸಲ ಹೊಳೆಯಲಿಲ್ಲ.

ನಿನ್ನ ಅಪ್ಪ


ಆಗಸ್ಟ್ ೨೮

ಅಪ್ಪಾ,

ಅರ್ಜಿ ಸೇರಿತು. ಮೊಹರು ಬಿತ್ತು. ಸೆಪ್ಟೆಂಬರ್ ಒಂದರಿಂದ ನಿಮ್ಮಿಬ್ಬರ ಹೆಸರೂ ಇರುತ್ತದೆ. ಆಪರೇಷನ್ ಒಂಬತ್ತಕ್ಕೆ ಇಟ್ಟುಕೊಳ್ಳಲು ಹೇಳಿ. ಆಗ ನನಗೂ ರಜೆ ಸಿಗುತ್ತದೆ, ಬರುತ್ತೇನೆ.

ಅರ್ಜಿ ಕೊಡುವಾಗ ಗುಮಾಸ್ತರನ್ನು ಕೇಳಿದೆ, ಮೊದಲೇ ಇದ್ದ ಕಾಯಿಲೆಗೂ ಕೊಡುತ್ತೀರಾ ಅಂತ. ತಲೆ ಎತ್ತದೆ, "ಕೊಡ್ತೀವಮ್ಮ, ಎಲ್ಲರಿಗೂ ಕೊಡ್ತೀವಿ" ಅಂದರು. ಇಷ್ಟೇ ಮಾತು. ಎರಡೂವರೆ ತಿಂಗಳ ಹಿಂದೆ ಎರಡು ಸಲ ಆ ಬಾಗಿಲವರೆಗೆ ಹೋಗಿ ವಾಪಸ್ ಬಂದವಳು ನಾನು. ನೀವು ಓದಿಯೂ ಓದಲಿಲ್ಲ, ನಾನು ಓದಲೂ ಇಲ್ಲ, ಕೇಳಲೂ ಇಲ್ಲ. ನಿಮ್ಮನ್ನು ಬಯ್ಯುವ ಬಾಯಿ ನನಗಿಲ್ಲ.

ಕೆಲಸ ಬಿಟ್ಟದ್ದು ಓದಿ ಅತ್ತುಬಿಟ್ಟೆ.

ನಿಮ್ಮ ಮಗಳು


ಸೆಪ್ಟೆಂಬರ್ ೨೭

ಕಂದಾ,

ಬಲಗೈ ಚೆನ್ನಾಗಿದೆ, ಅದಕ್ಕೇ ಬರೆಯಲು ಆಗುತ್ತಿದೆ. ಗಾಯ ಒಣಗುತ್ತಿದೆ. ನೀನು ಬಸ್ಸು ಹತ್ತಿ ಹೋದ ಮೇಲೆ ನಿಮ್ಮಪ್ಪನೇ ಅಡಿಗೆ ಮಾಡುತ್ತಿದ್ದಾರೆ. ಉಪ್ಪು ಹಾಕಿದ್ದಾರೋ ಇಲ್ಲವೋ ಅಂತ ಅವರಿಗೂ ಅನುಮಾನ, ನನಗೂ ಅನುಮಾನ. ಸುಮ್ಮನೆ ಉಣ್ಣುತ್ತೇನೆ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಮೀನು ಮಾರುವಾಕೆ ಇದ್ದಳಲ್ಲ, ನಿನಗೆ ಕಿತ್ತಳೆ ಬಿಡಿಸಿ ಕೊಟ್ಟವಳು. ಅವಳಿಗೂ ನನ್ನದೇ ಕಾಯಿಲೆ. "ನಿಮಗೆ ಯಾರು ಕಟ್ತಾರಕ್ಕ?" ಅಂದಳು. ಮಗಳ ಕಂಪನಿ ಅಂದೆ. "ನನಗ್ಯಾವ ಕಂಪನಿ? ನನ್ನ ಬುಟ್ಟೀನೇ ನನಗೆ ಕಂಪನಿ" ಅಂತ ನಕ್ಕಳು. ಮಗ ಇದ್ದಾನಂತೆ, ಆರು ವರ್ಷದಿಂದ ಒಂದೇ ಗೋದಾಮಿನಲ್ಲಿ ಕೆಲಸ, ಇನ್ನೂ ಕಾಯಂ ಮಾಡಿಲ್ಲವಂತೆ. ನೀನು ಹೋದ ಮಾರನೇ ದಿನ ಅವಳು ಆಪರೇಷನ್ ಬೇಡ ಅಂತ ಬರೆದುಕೊಟ್ಟು ಎದ್ದು ಹೋದಳು. ಹೋಗುವಾಗ ಬೇಗ ಹುಷಾರಾಗಕ್ಕ ಅಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಈಗ ಮುಖ್ಯ ವಿಷಯ. ಮೊನ್ನೆ ರಿಪೋರ್ಟ್ ಬಂತು, ಇಬ್ಬರೂ ಹೋಗಿದ್ದೆವು. ಕಂಕುಳಿನವರೆಗೆ ಹರಡಿದೆಯಂತೆ. ಮುಂದಿನ ವಾರದಿಂದ ಔಷಧಿ ಏರಿಸುತ್ತಾರೆ, ಬಹಳ ದಿನ ಹಿಡಿಯುತ್ತದೆ. ಎಲ್ಲ ವಿಮೆಯಲ್ಲೇ ಆಗುತ್ತದೆ, ಆ ಯೋಚನೆ ಬೇಡ. ಡಾಕ್ಟರಮ್ಮ ಓದುತ್ತಾ ಓದುತ್ತಾ, "ಜೂನ್‌ನಲ್ಲೇ ಬಂದಿದ್ರೆ..." ಅಂತ ಶುರು ಮಾಡಿ ಸುಮ್ಮನಾದರು. ಬಂದಿದ್ರೆ ಏನಮ್ಮಾ ಅಂತ ನಾನೇ ಕೇಳಿದೆ. "ಗಂಟಷ್ಟೇ ತೆಗೆದು ಮನೆಗೆ ಕಳಿಸ್ತಿದ್ವಿ" ಅಂದರು. ಈಗ? "ಈಗ ನೋಡೋಣ" ಅಂದರು.

ನಿಮ್ಮಪ್ಪ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಡಾಕ್ಟರಮ್ಮನ ಮುಖ ನೋಡಿಕೊಂಡು, ನಗುನಗುತ್ತಾ ತಲೆಯಾಡಿಸುತ್ತಿದ್ದರು. ಕೊನೆಗೆ ಎದ್ದು ನಿಂತು ಕೈಮುಗಿದು, "ಬಹಳ ಉಪಕಾರ ಆಯ್ತಮ್ಮ" ಅಂದರು. ಆ ಡಾಕ್ಟರಮ್ಮನ ಕಣ್ಣು ತುಂಬಿತು ಕಂದಾ.

ಹೊರಗೆ ಬಂದ ಮೇಲೆ "ಏನಂದ್ರು?" ಅಂತ ಕೇಳಿದರು. ನನಗೆ ನಿಜಕ್ಕೂ ಸಿಟ್ಟಿತ್ತು. ನಿಮ್ಮಿಬ್ಬರ ಮೇಲೂ ಇತ್ತು, ನನ್ನ ಮೇಲೂ ಇತ್ತು. ಹೇಳಿಬಿಡೋಣ ಅಂತಲೇ ಬಾಯಿ ತೆರೆದೆ. ಆ ಮುಖ ನೋಡಿದೆ. ಅಲ್ಲಿ ಸಾಲಾಗಿ ಕೂತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿ ಹೇಳಿದೆ: "ಸರಿಯಾದ ಹೊತ್ತಿಗೆ ಕರಕೊಂಡು ಬಂದ್ರಿ ಅಂದ್ರು!"

ಅವತ್ತು ಅವರು ಎರಡು ಸಲ ಬಡಿಸಿಕೊಂಡು ಉಂಡರು.

ರಿಪೋರ್ಟನ್ನು ಈ ಕಾಗದದ ಜೊತೆ ಮಡಿಸಿ ಇಟ್ಟಿದ್ದೇನೆ. ಮನೆಯಲ್ಲಿದ್ದರೆ ಅವರು ಓದುತ್ತಾರೆ, ಇನ್ನು ಮೇಲೆ ಅರ್ಥ ಬಿಟ್ಟು ಓದುವವರಲ್ಲ. ನಿನ್ನ ಹತ್ತಿರವೇ ಇರಲಿ. ನೀನೂ ಹೇಳಬೇಡ. ಈ ಸಲವಾದರೂ ನನ್ನ ಮಾತು ಉಳಿಸು.

ಅಮ್ಮ